ನೋಟಿನ ಮೇಲಿನ ರುಜು: ಕಲಬುರಗಿ ಸೀಮೆ ಕಂಡ ಎರಡು ನಾಣ್ಯವ್ಯವಸ್ಥೆಗಳ ಕಥೆ

ಬೆಳ್ಳಿಯ ರೂಪಾಯಿಯ ಬೆಲೆಯಲ್ಲಿ ಅದರ ಬೆಳ್ಳಿಗೂ ಪಾಲಿತ್ತು. ಕಾಗದದ ನೋಟಿಗೆ ಅಂಥ ಆಸರೆ ಇಲ್ಲವಾದ್ದರಿಂದ, ಕೇಳಿದಾಗ ಇಷ್ಟು ಹಣ ಕೊಡುವೆವೆಂದು ಸರ್ಕಾರವೋ ಬ್ಯಾಂಕೋ ಕೊಟ್ಟ ಮಾತೇ ಅದರ ಬೆಲೆಗೆ ಬುನಾದಿಯಾಗುತ್ತದೆ, ಆ ಮಾತಿಗೆ ಯಾರು ಹೊಣೆ ಎಂಬುದನ್ನು ನೋಟಿನ ಮೇಲಿರುವ ಅಧಿಕಾರಿಯ ರುಜು ತಿಳಿಸುತ್ತದೆ. ಚಿತ್ರ, ಬಣ್ಣ, ಅಳತೆಗಳು ಹತ್ತಾರು ವರ್ಷ ಬದಲಾಗದೆ ಉಳಿದರೂ ಅಧಿಕಾರಿ ಬದಲಾದಾಗ ರುಜು ಬದಲಾಗುತ್ತದೆ; ಹೀಗಾಗಿ ನೋಟು ಸಂಗ್ರಹಿಸುವವರಿಗೆ ರುಜುವೇ ಕಾಲವನ್ನು ಗುರುತಿಸುವ ಮೊದಲ ಸಾಧನ. ಈ ಮಾತು ಎಲ್ಲ ದೇಶಗಳ ನೋಟುಗಳಿಗೂ ಸಲ್ಲುತ್ತದೆಯಾದರೂ ಕಲಬುರಗಿ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಇಂದಿನ ಕರ್ನಾಟಕದ ಹೆಚ್ಚಿನ ಜಿಲ್ಲೆಗಳು ಬ್ರಿಟಿಷ್ ಇಂಡಿಯಾದ ನೋಟುಗಳನ್ನು ಬಳಸುತ್ತಿದ್ದ ಕಾಲದಲ್ಲಿ ಕಲಬುರಗಿ, ಬೀದರ್, ರಾಯಚೂರು ಸೀಮೆಗಳ ಜನರ ಕೈಯಲ್ಲಿ ಹೈದರಾಬಾದ್ ಸಂಸ್ಥಾನದ ಸ್ವಂತ ನೋಟುಗಳು ಓಡಾಡುತ್ತಿದ್ದವು. ಆ ನೋಟುಗಳ ಮೇಲಿನ ರುಜುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಈ ಸೀಮೆಯ ರಾಜಕೀಯ ಚರಿತ್ರೆಯ ನಾಲ್ಕು ದಶಕಗಳು ಕಣ್ಣೆದುರಿಗೆ ಬರುತ್ತವೆ.

ಹಾಲಿ ಸಿಕ್ಕಾ ಮತ್ತು ಕಲ್ದಾರ

ಹಣಕ್ಕೆ ಅಧಿಕಾರದ ಮುದ್ರೆ ಬೀಳುವುದು ಕಲಬುರಗಿಗೆ ಹೊಸದಾಗಿರಲಿಲ್ಲ. 1347ರಲ್ಲಿ ಬಹಮನಿ ಅರಸೊತ್ತಿಗೆ ಇಲ್ಲಿ ನೆಲೆಗೊಂಡ ಮೇಲೆ ಅಹ್ಸನಾಬಾದ್ ಎಂಬ ಹೆಸರಿನಲ್ಲಿ ಈ ಊರಿನ ಟಂಕಸಾಲೆ ನಾಣ್ಯಗಳನ್ನು ಹೊರಡಿಸಿತು. ನಾಣ್ಯದ ಮೇಲೆ ಸುಲ್ತಾನನ ಹೆಸರು ಮಾಡುತ್ತಿದ್ದ ಕೆಲಸವನ್ನೇ ಮುಂದೆ ಕಾಗದದ ಮೇಲೆ ರುಜು ಮಾಡಬೇಕಾಯಿತು. ನಿಜಾಮರ ಆಳ್ವಿಕೆಯಲ್ಲಿ ಸಂಸ್ಥಾನದ ರೂಪಾಯಿಗೆ ಹಾಲಿ ಸಿಕ್ಕಾ ಎಂದೂ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕಾಲದಲ್ಲಿ ಉಸ್ಮಾನಿಯಾ ಸಿಕ್ಕಾ ಎಂದೂ ಹೆಸರಿತ್ತು. ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಜನ ಕಲ್ದಾರ ಎಂದು ಕರೆಯುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬುದು ಎರಡರ ನಡುವಿನ ವಿನಿಮಯ ದರವಾಗಿದ್ದು, ಅದರಂತೆ ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ತೆರಬೇಕಾಗುತ್ತಿತ್ತು. ಸೊಲ್ಲಾಪುರದ ಕಡೆಯಿಂದ ರೈಲು ಬರುತ್ತಿದ್ದ ಕಲಬುರಗಿಯಂಥ ಊರಿನಲ್ಲಿ ಸಂಸ್ಥಾನದ ಗಡಿಯಾಚೆಗಿನ ವ್ಯಾಪಾರಕ್ಕೆ ಒಂದು ಹಣ, ಒಳಗಿನ ವ್ಯಾಪಾರಕ್ಕೆ ಇನ್ನೊಂದು ಹಣ ಬೇಕಾಗುತ್ತಿದ್ದುದರಿಂದ ಈ ಲೆಕ್ಕ ವ್ಯಾಪಾರಿಗಳ ನಿತ್ಯದ ವ್ಯವಹಾರಕ್ಕೆ ಸೇರಿದ್ದಾಗಿತ್ತು.

ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬೆಳ್ಳಿಯ ಅಭಾವ ತೀವ್ರವಾಗಿ, ನಾಣ್ಯ ಟಂಕಿಸುವುದೇ ಕಷ್ಟವಾದಾಗ ಭಾರತ ಸರ್ಕಾರ 1917ರಲ್ಲಿ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಅದೇ ಒತ್ತಡಕ್ಕೆ ಸಿಕ್ಕಿದ ಹೈದರಾಬಾದ್ ಸರ್ಕಾರ 1918ರಲ್ಲಿ ಕಾಗದದ ಹಣದ ಕಾಯಿದೆಯನ್ನು ಮಾಡಿ, ಮೊದಲು ಹತ್ತು ಮತ್ತು ನೂರು ರೂಪಾಯಿಗಳ, ಆಮೇಲೆ ಒಂದು ಮತ್ತು ಐದು ರೂಪಾಯಿಗಳ ನೋಟುಗಳನ್ನು ಚಲಾವಣೆಗೆ ತಂದಿತು. ಸಾವಿರ ರೂಪಾಯಿಯ ನೋಟು 1920ರ ದಶಕದಲ್ಲಿ ಬಂತು. ಮೊದಮೊದಲು ಇಂಗ್ಲೆಂಡಿನ ವಾಟರ್‌ಲೋ ಕಂಪನಿಯಲ್ಲಿ ಅಚ್ಚಾಗುತ್ತಿದ್ದ ಈ ನೋಟುಗಳು ಮುಂದೆ ನಾಸಿಕದ ಮುದ್ರಣಾಲಯದಲ್ಲಿ ಅಚ್ಚಾದವು. ಅವುಗಳ ಮೇಲಿನ ಮುಖ್ಯ ಬರಹ ಉರ್ದುವಿನಲ್ಲಿದ್ದರೂ ಮೊತ್ತವನ್ನು ಇಂಗ್ಲಿಷ್, ಮರಾಠಿ, ತೆಲುಗು ಮತ್ತು ಕನ್ನಡಗಳಲ್ಲಿಯೂ ನಮೂದಿಸಲಾಗಿತ್ತು. ಉರ್ದು, ಕನ್ನಡ, ಮರಾಠಿ, ತೆಲುಗು ಬಲ್ಲವರು ಒಂದೇ ಓಣಿಯಲ್ಲಿ ನೆರೆಹೊರೆಯಾಗಿ ಬಾಳುವ ಕಲಬುರಗಿಯಲ್ಲಿ ಅಂಥ ನೋಟನ್ನು ಇಂದಿಗೂ ಪೂರ್ತಿಯಾಗಿ ಓದಬಲ್ಲವರು ಸುಲಭವಾಗಿ ಸಿಗುತ್ತಾರೆ ಎಂಬುದು ಈ ಊರಿನ ಸಂಗ್ರಾಹಕರಿಗಿರುವ ದೊಡ್ಡ ಅನುಕೂಲ.

ಹಲವು ನೋಟುಗಳ ಮೇಲೆ ಫಸಲಿ ವರ್ಷ ಅಚ್ಚಾಗಿದೆ. ಫಸಲಿ ಎಂದರೆ ಬೆಳೆಯ ಕಾಲವನ್ನು ಅನುಸರಿಸಿ ಕಂದಾಯದ ಲೆಕ್ಕಕ್ಕಾಗಿ ರೂಪಿಸಿದ ವರ್ಷಗಣನೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷ ಸುಮಾರಾಗಿ ಸಿಗುತ್ತದೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿದ್ದು, ಕೆಂಪು ಬಾಳೆಗೆ ಹೆಸರಾಗಿ, ಈಚೆಗೆ ತಾಲ್ಲೂಕು ಕೇಂದ್ರವೂ ಆಗಿರುವ ಕಮಲಾಪುರದಂಥ ಕೃಷಿಪ್ರಧಾನ ಊರುಗಳ ಹಳೆಯ ಭೂದಾಖಲೆಗಳಲ್ಲಿ ಕಾಣುವುದು ಇದೇ ವರ್ಷಗಣನೆ. ಜಮೀನಿನ ಹಳೆಯ ಪತ್ರಗಳನ್ನು ಜೋಪಾನ ಮಾಡಿದ ರೈತ ಮನೆತನಗಳಿಗೆ ಅದು ಅಪರಿಚಿತವಲ್ಲ. ನೋಟಿನ ಮೇಲಿನ ವರ್ಷವನ್ನು ಓದಲು ಆ ಪರಿಚಯವೇ ಸಾಕಾಗುತ್ತದೆ.

ಒಂದೇ ಅಚ್ಚು, ಬದಲಾಗುವ ರುಜು

ಹೈದರಾಬಾದಿನ ನೋಟುಗಳಿಗೆ ರುಜು ಹಾಕುತ್ತಿದ್ದವರು ಸಂಸ್ಥಾನದ ಹಣಕಾಸಿನ ಹೊಣೆ ಹೊತ್ತವರು. ಮೊದಲ ನೋಟುಗಳ ಮೇಲೆ ಆಗ ಹಣಕಾಸು ಸದಸ್ಯರಾಗಿದ್ದ ಬ್ರಿಟಿಷ್ ಅಧಿಕಾರಿ ಗ್ಲಾನ್ಸಿ ಅವರ ರುಜು ಇದೆ. ಅವರ ನಂತರ ಬಂದ ಹೈದರ್ ನವಾಜ್ ಜಂಗ್ ಎಂಬ ರುಜು, 1937ರಲ್ಲಿ ಸಂಸ್ಥಾನದ ಪ್ರಧಾನಿಯೂ ಆದ ಸರ್ ಅಕ್ಬರ್ ಹೈದರಿ ಅವರದು. ಹೈದರ್ ನವಾಜ್ ಜಂಗ್ ಎಂಬುದು ಅವರಿಗಿದ್ದ ಬಿರುದು. ಮುಂದೆ ಫಖ್ರ್ ಯಾರ್ ಜಂಗ್, ಗುಲಾಂ ಮುಹಮ್ಮದ್, ಜಾಹಿದ್ ಹುಸೇನ್, ಲಿಯಾಖತ್ ಜಂಗ್ ಮೊದಲಾದವರ ರುಜುಗಳು ಬರುತ್ತವೆ. ಇವರಲ್ಲಿ ಇಬ್ಬರ ಕಥೆ ಉಪಖಂಡದ ವಿಭಜನೆಯನ್ನೇ ಹೇಳುತ್ತದೆ: 1940ರ ದಶಕದಲ್ಲಿ ಹೈದರಾಬಾದಿನ ಹಣಕಾಸನ್ನು ನೋಡಿಕೊಂಡ ಗುಲಾಂ ಮುಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಆಮೇಲೆ ಗವರ್ನರ್ ಜನರಲ್ ಆದರೆ, ಹೈದರಾಬಾದಿನಲ್ಲಿ ಅವರ ಬಳಿಕ ಹಣಕಾಸಿನ ಹೊಣೆ ಹೊತ್ತಿದ್ದ ಜಾಹಿದ್ ಹುಸೇನ್ 1948ರಲ್ಲಿ ಸ್ಥಾಪನೆಯಾದ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನದ ಮೊದಲ ಗವರ್ನರ್ ಆದರು. ಕಲಬುರಗಿಯ ಸಂತೆಯಲ್ಲಿ ನಡೆಯುತ್ತಿದ್ದ ನೋಟಿಗೂ ಕರಾಚಿಯಿಂದ ಹೊರಟ ನೋಟಿಗೂ ಒಬ್ಬರದೇ ರುಜು ಇರುವಂತಾದದ್ದು ಹೀಗೆ.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದನ್ನು ಪ್ರವೇಶಿಸಿ, ಸೆಪ್ಟೆಂಬರ್ 17ರಂದು ನಿಜಾಮರ ಸರ್ಕಾರ ಶರಣಾದ ಮೇಲೆ ನಡೆದದ್ದು ಇನ್ನೂ ಗಮನಾರ್ಹ. ಸಂಸ್ಥಾನದ ಹಣ ಒಂದೇ ದಿನದಲ್ಲಿ ರದ್ದಾಗಲಿಲ್ಲ. ಜನರ ವ್ಯವಹಾರಕ್ಕೆ ಧಕ್ಕೆಯಾಗದಿರಲೆಂದು ಹಳೆಯ ಮಾದರಿಯ ಉರ್ದು ಬರಹದ ನೋಟುಗಳೇ ಮುಂದುವರಿದವು. ಆದರೆ ಅವುಗಳ ಮೇಲೆ ಈಗ ಸೇನಾ ಆಡಳಿತದ ಕಾಲದ ಡಿ.ಆರ್. ಪ್ರಧಾನ್, ಬಳಿಕ ಹಣಕಾಸಿನ ಹೊಣೆ ಹೊತ್ತ ಸಿ.ವಿ.ಎಸ್. ರಾವ್, 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣರಾವ್ ಸರ್ಕಾರದಲ್ಲಿ ಹಣಕಾಸು ಸಚಿವರಾದ, ವೈದ್ಯರೂ ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಡಾ. ಜಿ.ಎಸ್. ಮೇಲ್ಕೋಟೆ ಅವರ ರುಜುಗಳು ಕಾಣಿಸಿಕೊಂಡವು. ನಿಜಾಮರು ನೇಮಿಸಿದ ಅಧಿಕಾರಿಯ ರುಜುವಿದ್ದ ಜಾಗದಲ್ಲಿ ಮೊದಲು ಭಾರತ ಸರ್ಕಾರ ಇರಿಸಿದ ಆಡಳಿತಗಾರರ, ಕೊನೆಗೆ ಜನರಿಂದ ಆಯ್ಕೆಯಾದ ಸಚಿವರ ರುಜು ಬಂದಿರುವುದನ್ನು ಆ ನೋಟುಗಳಲ್ಲಿ ನೋಡಬಹುದು. ಅರಸೊತ್ತಿಗೆಯಿಂದ ಪ್ರಜಾಪ್ರಭುತ್ವಕ್ಕೆ ನಡೆದ ದಾಟುವಿಕೆಯನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಚಿಕ್ಕ ಜಾಗದಲ್ಲಿ ದಾಖಲಿಸಿದ ಕಾಗದ ಈ ಸೀಮೆಯಲ್ಲಿ ಬೇರೆ ಸಿಗುವುದು ಕಷ್ಟ.

1950ರ ದಶಕದಲ್ಲಿ ಏಳಕ್ಕೆ ಆರರ ದರದಲ್ಲಿಯೇ ಹಾಲಿ ಸಿಕ್ಕಾದ ಜಾಗಕ್ಕೆ ಭಾರತದ ರೂಪಾಯಿ ಬಂತು. 1959ರ ಹೊತ್ತಿಗೆ ಹೈದರಾಬಾದಿನ ಹಣ ಪೂರ್ಣವಾಗಿ ಚಲಾವಣೆಯಿಂದ ಹೋಯಿತು. ಉಸ್ಮಾನಿಯಾ ಸಿಕ್ಕಾದ ನಿರ್ವಹಣೆಯನ್ನು ವಹಿಸಿಕೊಂಡಿದ್ದ, 1941ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕು 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, ಕಲಬುರಗಿಯ ಜನರಿಗೆ ದಶಕಗಳ ಕಾಲ ಪರಿಚಿತವಾಗಿದ್ದು, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ರುಜು ಇಲ್ಲದ ನೋಟು

ರುಜುವಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಹೈದರಾಬಾದಿನ ನೋಟುಗಳೇ ಒಂದು ಅಪೂರ್ವ ನಿದರ್ಶನವನ್ನು ಒದಗಿಸುತ್ತವೆ. 1922ರ ಮೇ 20ರಂದು, ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ಕರಾವಳಿಯಾಚೆ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದರಲ್ಲಿದ್ದ ಚಿನ್ನ ಬೆಳ್ಳಿಗಳನ್ನು 1930ರ ದಶಕದಲ್ಲಿ ಇಟಲಿಯ ಮುಳುಗುಗಾರರ ತಂಡ ಮೇಲೆತ್ತಿದಾಗ ಹೈದರಾಬಾದಿಗೆಂದು ಅಚ್ಚಾಗಿದ್ದ, ಇನ್ನೂ ರುಜು ಬೀಳದಿದ್ದ ನೋಟುಗಳೂ ಮೇಲೆ ಬಂದವು. ಕಾಗದ, ಬಣ್ಣ, ಬರಹ ಎಲ್ಲವೂ ಇದ್ದರೂ ಮಾತಿಗೆ ಹೊಣೆಯಾದವರ ಗುರುತೊಂದು ಇಲ್ಲದ್ದರಿಂದ ಅವು ಹಣವಾಗಲಿಲ್ಲ. ಇಂದು ಅವು ಸಂಗ್ರಾಹಕರಲ್ಲಿ ಮಾತ್ರ ಬೆಲೆ ಪಡೆದಿರುವ ವಸ್ತುಗಳು.

ರಿಸರ್ವ್ ಬ್ಯಾಂಕಿನ ಗವರ್ನರುಗಳು

ಭಾರತೀಯ ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದರೂ ಅದರ ಮೊದಲ ನೋಟು, ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಐದು ರೂಪಾಯಿಯದು, ಹೊರಬಂದದ್ದು 1938ರ ಜನವರಿಯಲ್ಲಿ. ಆ ಹೊತ್ತಿಗೆ ಮೊದಲ ಗವರ್ನರ್ ಓಸ್ಬೋರ್ನ್ ಸ್ಮಿತ್ ಹುದ್ದೆ ಬಿಟ್ಟಿದ್ದುದರಿಂದ ಅವರ ರುಜು ಯಾವ ನೋಟಿನ ಮೇಲೂ ಬರಲಿಲ್ಲ. ಮೊದಲ ರುಜು ಎರಡನೆಯ ಗವರ್ನರ್ ಜೇಮ್ಸ್ ಟೇಲರ್ ಅವರದಾಯಿತು. 1943ರಲ್ಲಿ ಸಿ.ಡಿ. ದೇಶಮುಖ್ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರಾದರು. 1949ರಿಂದ 1957ರ ಜನವರಿಯವರೆಗೆ ಗವರ್ನರಾಗಿದ್ದು, ಇದುವರೆಗೆ ಅತಿ ದೀರ್ಘಕಾಲ ಆ ಹುದ್ದೆಯಲ್ಲಿದ್ದವರೆನಿಸಿದ ಬೆನಗಲ್ ರಾಮರಾವ್ ಅವರ ಮನೆತನ ದಕ್ಷಿಣ ಕನ್ನಡದ್ದು. ಅಶೋಕಸ್ತಂಭದ ಸಿಂಹಲಾಂಛನ ಹೊತ್ತ ಗಣರಾಜ್ಯದ ಮೊದಲ ನೋಟುಗಳು 1950ರಲ್ಲಿ ಬಂದಾಗ ಅವುಗಳ ಮೇಲಿದ್ದುದು ಅವರ ರುಜು. ಕಲಬುರಗಿ ಮತ್ತು ಕಮಲಾಪುರಗಳ ಜನ ಹಾಲಿ ಸಿಕ್ಕಾವನ್ನು ಬಿಟ್ಟು ಭಾರತದ ನೋಟಿಗೆ ಹೊಂದಿಕೊಳ್ಳುತ್ತಿದ್ದ ವರ್ಷಗಳೂ ಅವೇ. ಹೈದರಾಬಾದಿಗೆ ಸೇರಿದ್ದ ಈ ಸೀಮೆಯೂ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡವೂ 1956ರ ನವೆಂಬರ್ 1ರಂದು ಒಂದೇ ರಾಜ್ಯದ ಭಾಗಗಳಾದದ್ದು ಅವರ ಅಧಿಕಾರಾವಧಿಯಲ್ಲಿಯೇ.

ನೋಟಿನ ಮೇಲಿನ ರುಜು ಪೆನ್ನಿನಿಂದ ಬರೆದದ್ದಲ್ಲ. ಗವರ್ನರ ಕೈಬರಹದ ಪ್ರತಿರೂಪವನ್ನು ಅಚ್ಚಿನ ಫಲಕದಲ್ಲಿ ಸೇರಿಸಿ ಮುದ್ರಿಸಲಾಗುತ್ತದೆ. ಹೊಸ ಗವರ್ನರು ಬಂದ ಮೇಲೆ ಹೊಸ ಫಲಕಗಳು ಸಿದ್ಧವಾಗಿ, ಮುದ್ರಣ ನಡೆದು, ನೋಟುಗಳು ಬ್ಯಾಂಕುಗಳನ್ನು ತಲುಪಲು ಕಾಲ ಹಿಡಿಯುತ್ತದೆ. 2024ರ ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಸಂಜಯ್ ಮಲ್ಹೋತ್ರಾ ಅವರ ರುಜುವಿರುವ ಐವತ್ತು ರೂಪಾಯಿಯ ನೋಟಿನ ಪ್ರಕಟಣೆ ಬಂದದ್ದು 2025ರ ಫೆಬ್ರುವರಿಯಲ್ಲಿ. ರುಜು ಬದಲಾದಾಗ ರಿಸರ್ವ್ ಬ್ಯಾಂಕು ಹೊರಡಿಸುವ ಇಂಥ ಪ್ರಕಟಣೆಗಳಲ್ಲಿ, ಹಿಂದಿನ ಗವರ್ನರುಗಳ ರುಜುವಿರುವ ಅದೇ ಸರಣಿಯ ನೋಟುಗಳೂ ಚಲಾವಣೆಯಲ್ಲಿ ಮುಂದುವರಿಯುತ್ತವೆ ಎಂಬ ಮಾತು ತಪ್ಪದೆ ಇರುತ್ತದೆ. ಆದ್ದರಿಂದ ಹೊಸ ರುಜು ಕಂಡಾಗ ಹಳೆಯ ನೋಟಿನ ಬಗ್ಗೆ ಅಂಜುವ ಕಾರಣವಿಲ್ಲ.

ಕಾಲದ ಈ ಅಂತರದಿಂದಲೇ ಸಂಗ್ರಾಹಕರು ಮೆಚ್ಚುವ ಕೆಲವು ವಿಶೇಷಗಳು ಹುಟ್ಟಿಕೊಂಡಿವೆ. 1957ರಲ್ಲಿ ಕೆಲವೇ ವಾರ ಗವರ್ನರಾಗಿದ್ದ ಕೆ.ಜಿ. ಅಂಬೆಗಾಂವ್ಕರ್ ಅವರ, 1985ರಲ್ಲಿ ಇಪ್ಪತ್ತೇ ದಿನ ಆ ಸ್ಥಾನದಲ್ಲಿದ್ದ ಅಮಿತಾಭ ಘೋಷ್ ಅವರ ರುಜುಗಳು ರಿಸರ್ವ್ ಬ್ಯಾಂಕಿನ ಯಾವ ನೋಟಿನ ಮೇಲೂ ಇಲ್ಲ. 1975ರಲ್ಲಿ ಅಲ್ಪಕಾಲ ಗವರ್ನರಾಗಿದ್ದ ಎನ್.ಸಿ. ಸೇನ್‌ಗುಪ್ತ ಅವರ ರುಜು ಸಾವಿರ ರೂಪಾಯಿಯ ನೋಟಿನ ಮೇಲೆ ಮಾತ್ರ ಕಾಣುತ್ತದೆ. ಇದಕ್ಕೆ ಎದುರಾಗಿ, 1970ರಲ್ಲಿ ಒಂದೂವರೆ ತಿಂಗಳಷ್ಟೇ ಇದ್ದ ಬಿ.ಎನ್. ಅದಾರ್ಕರ್ ಅವರ ರುಜು ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗಾಗಿ ತಂದ ಎರಡು, ಐದು, ಹತ್ತು ಮತ್ತು ನೂರು ರೂಪಾಯಿಗಳ ನೋಟುಗಳ ಮೇಲೆ ಬಂತು. 1969ರ ಅಕ್ಟೋಬರ್ 2ರಂದು ಆ ಸರಣಿಯನ್ನು ಹೊರತಂದ ಎಲ್.ಕೆ. ಝಾ ಅವರ ಕಾಲದಲ್ಲಿಯೇ ಗವರ್ನರ ರುಜು ಮೊದಲ ಬಾರಿಗೆ ಹಿಂದಿಯಲ್ಲಿಯೂ ಅಚ್ಚಾಯಿತು.

ಒಂದು ರೂಪಾಯಿಯ ನೋಟಿನ ನಿಯಮ ಬೇರೆ. ಅದನ್ನು ಹೊರಡಿಸುವುದು ಭಾರತ ಸರ್ಕಾರ. ಅದರ ಮೇಲೆ ಹಣ ಕೊಡುವೆನೆಂಬ ವಾಗ್ದಾನದ ವಾಕ್ಯವಿಲ್ಲ, ಗವರ್ನರ ರುಜುವಿನ ಬದಲಿಗೆ ಹಣಕಾಸು ಇಲಾಖೆಯ ಕಾರ್ಯದರ್ಶಿಯ ರುಜು ಇರುತ್ತದೆ. 1949ರಲ್ಲಿ ಸಿಂಹಲಾಂಛನದೊಂದಿಗೆ ಬಂದ ಒಂದು ರೂಪಾಯಿಯ ನೋಟಿಗೆ ಕೆ.ಆರ್.ಕೆ. ಮೆನನ್ ಅವರ ರುಜುವಿತ್ತು. ಕಾರ್ಯದರ್ಶಿಯಾಗಿದ್ದವರೇ ಮುಂದೆ ಗವರ್ನರಾದ ಸಂದರ್ಭಗಳಲ್ಲಿ ಒಬ್ಬರ ರುಜು ಎರಡು ಬಗೆಯ ನೋಟುಗಳಲ್ಲಿಯೂ ಸಿಗುತ್ತದೆ. ಮನಮೋಹನ್ ಸಿಂಗ್ ಮತ್ತು ಶಕ್ತಿಕಾಂತ ದಾಸ್ ಇದಕ್ಕೆ ಉದಾಹರಣೆ. ರಿಸರ್ವ್ ಬ್ಯಾಂಕಿನ ನೋಟಿಗೆ ರುಜು ದೊರೆಯದ ಅಂಬೆಗಾಂವ್ಕರ್ ಅವರ ರುಜುವೂ ಒಂದು ರೂಪಾಯಿಯ ನೋಟಿನಲ್ಲಿದೆ.

ಸಂಗ್ರಹ ಎಂದರೆ ಏನು

ಸಾಮಾನ್ಯವಾಗಿ ಹಳೆಯ ನೋಟುಗಳನ್ನು ಕೂಡಿಡುವುದನ್ನೇ ಸಂಗ್ರಹ ಎನ್ನುತ್ತಾರಾದರೂ ಒಂದು ಕ್ರಮಕ್ಕೆ ಒಳಪಟ್ಟಾಗ ಮಾತ್ರ ಅದು ಜ್ಞಾನವಾಗುತ್ತದೆ. ಒಂದೇ ಮೊತ್ತದ ನೋಟನ್ನು ಆರಿಸಿಕೊಂಡು, ಅದರ ಮೇಲೆ ಬಂದ ಎಲ್ಲ ರುಜುಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸುವುದು ಹೊಸಬರಿಗೆ ಒಳ್ಳೆಯ ಆರಂಭ. ರುಜುವಿನ ಜತೆಗೆ ಇನ್ನೂ ಮೂರು ಗುರುತುಗಳನ್ನು ನೋಡಬೇಕಾಗುತ್ತದೆ. ಸಂಖ್ಯೆಯ ಮುಂದಿರುವ ಅಂಕಿ ಅಕ್ಷರಗಳ ಗುಂಪು ಒಂದು. ಸಂಖ್ಯೆಯ ಹಿಂಬದಿಯಲ್ಲಿ ದೊಡ್ಡದಾಗಿ ಅಚ್ಚಾಗುವ ಒಳ ಅಕ್ಷರ ಇನ್ನೊಂದು. ನೋಟಿನ ಹಿಂಬದಿಯ ಕೆಳಗಿರುವ ಮುದ್ರಣ ವರ್ಷ ಮೂರನೆಯದು. 2005ಕ್ಕಿಂತ ಮೊದಲು ಅಚ್ಚಾದ ರಿಸರ್ವ್ ಬ್ಯಾಂಕಿನ ನೋಟುಗಳಲ್ಲಿ ಮುದ್ರಣ ವರ್ಷ ಇಲ್ಲವಾದ್ದರಿಂದ ಅವುಗಳ ಕಾಲವನ್ನು ನಿರ್ಧರಿಸಲು ರುಜು ಮತ್ತು ಒಳ ಅಕ್ಷರಗಳನ್ನೇ ನೆಚ್ಚಬೇಕು. ಅಚ್ಚಿನಲ್ಲಿ ಕೆಟ್ಟುಹೋದ ನೋಟಿಗೆ ಬದಲಾಗಿ ಸೇರಿಸುವ ನೋಟುಗಳ ಸಂಖ್ಯೆಯಲ್ಲಿ ನಕ್ಷತ್ರದ ಗುರುತು ಇರುವ ಪದ್ಧತಿ 2006ರಲ್ಲಿ ಆರಂಭವಾಯಿತು. ಅವನ್ನೂ ಸಂಗ್ರಾಹಕರು ಪ್ರತ್ಯೇಕವಾಗಿ ಇಡುತ್ತಾರೆ.

ನೋಟಿನ ಸ್ಥಿತಿಗೂ ಬೆಲೆಗೂ ನೇರ ಸಂಬಂಧವಿದೆ. ಮಡಿಕೆಯಿಲ್ಲದ, ಕೈ ಬದಲಾಗದ ನೋಟು ಮೇಲ್ದರ್ಜೆಯದು. ಮಡಿಕೆ, ಪಿನ್ನಿನ ತೂತು, ಹರಿದ ಅಂಚು, ಬರಹಗಳು ಹೆಚ್ಚಿದಂತೆ ದರ್ಜೆ ಇಳಿಯುತ್ತದೆ. ಬ್ಯಾಂಕುಗಳು ನೋಟಿನ ಕಟ್ಟಿಗೆ ಪಿನ್ನು ಹೊಡೆಯುವುದನ್ನು ರಿಸರ್ವ್ ಬ್ಯಾಂಕು 2001ರಲ್ಲಿ ನಿಲ್ಲಿಸಿತಾದ್ದರಿಂದ ಅದಕ್ಕಿಂತ ಹಳೆಯ ನೋಟಿನಲ್ಲಿ ತೂತು ಸಹಜ. ಕೊಳೆಯಾದ ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಇವೆಲ್ಲ ಸದುದ್ದೇಶದಿಂದ ಮಾಡಿದರೂ ಕಾಗದಕ್ಕೆ ಸರಿಪಡಿಸಲಾಗದ ಹಾನಿ ಮಾಡುತ್ತವೆ. ಪಿವಿಸಿ ಇಲ್ಲದ ಪಾರದರ್ಶಕ ಹಾಳೆಯಲ್ಲಿ, ಬಿಸಿಲು ತಾಗದ, ಗೆದ್ದಲು ಮುಟ್ಟದ ಒಣ ಜಾಗದಲ್ಲಿ ಇಡುವುದೇ ಸಾಕಾದ ಆರೈಕೆ. ಬೇಸಿಗೆಯ ಉರಿಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿ ತಗಡಿನ ಮಾಳಿಗೆಯ ಕೆಳಗಿನ ಪೆಟ್ಟಿಗೆಗಿಂತ ಒಳಕೋಣೆಯ ಕಪಾಟು ಮೇಲು.

ಓದಿ ನೋಡಿ ತಿಳಿಯಬಯಸುವವರಿಗೆ ಕರ್ನಾಟಕದಲ್ಲಿಯೇ ಸೌಕರ್ಯವಿದೆ. ಭಾರತದ ಕಾಗದದ ಹಣವನ್ನು ಕುರಿತ ಪ್ರಮಾಣಗ್ರಂಥದ ಲೇಖಕರಲ್ಲಿ ಒಬ್ಬರಾದ ರಿಜ್ವಾನ್ ರಜಾಕ್ ಅವರು ತಮ್ಮ ಸಂಗ್ರಹವನ್ನು ಸಾರ್ವಜನಿಕರಿಗಾಗಿ ಬೆಂಗಳೂರಿನಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ; ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಹಣದ ವಸ್ತುಸಂಗ್ರಹಾಲಯ 2004ರಿಂದ ಇದೆ. ಇಂದು ಎಲ್ಲರ ಕೈಗೆ ಬರುವ ನೋಟುಗಳಲ್ಲಿ ಹಲವು ಅಚ್ಚಾಗುವುದು ಮೈಸೂರಿನ ಮುದ್ರಣಾಲಯದಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕಾನೂನು ಮತ್ತು ಎಚ್ಚರಿಕೆ

ಸಂಗ್ರಾಹಕರು ಮುಖ್ಯವಾಗಿ ತಿಳಿದಿರಬೇಕಾದ ಕಾನೂನು 2017ರದು. 2016ರ ನವೆಂಬರ್ 8ರಂದು ರದ್ದಾದ ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳನ್ನು, ಮೊತ್ತ ಯಾವುದೇ ಇರಲಿ, ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ ಈ ಮಿತಿ ಇಪ್ಪತ್ತೈದು. ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ಬೀಳಬಹುದು. ಇದಕ್ಕಿಂತ ಹೆಚ್ಚು ಜನರನ್ನು ಕಾಡುವ ಅಪಾಯ ಮೋಸದ್ದು. ಇಂಥಿಂಥ ಹಳೆಯ ನೋಟು ಇದ್ದರೆ ಲಕ್ಷಗಟ್ಟಲೆ ಹಣ ಸಿಗುತ್ತದೆ ಎಂದು ನಂಬಿಸಿ, ಮೊದಲು ಶುಲ್ಕ ಕಟ್ಟಿರಿ, ತೆರಿಗೆ ಕಟ್ಟಿರಿ ಎಂದು ಕೇಳುವವರು ಹಳ್ಳಿ ಪಟ್ಟಣವೆನ್ನದೆ ಜನರ ಮೊಬೈಲುಗಳನ್ನು ತಲುಪುತ್ತಿದ್ದಾರೆ. ಹಳೆಯ ನೋಟುಗಳ ಮಾರಾಟಕ್ಕೂ ತನಗೂ ಸಂಬಂಧವಿಲ್ಲವೆಂದೂ, ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬಾರದೆಂದೂ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಅಪರೂಪದ ರುಜುವಿಗೆ ನಿಜವಾಗಿ ಬೆಲೆ ಇದ್ದರೂ ಅದನ್ನು ನಿರ್ಧರಿಸುವುದು ನೋಟಿನ ಸ್ಥಿತಿ, ವಿರಳತೆ ಮತ್ತು ಕೊಳ್ಳುವವರ ಬಯಕೆ. ಮಾರುವವನಿಂದಲೇ ಮುಂಗಡ ಕೇಳುವ ಕೊಳ್ಳುಗ ಯಾವ ಪ್ರಾಮಾಣಿಕ ವ್ಯಾಪಾರದಲ್ಲಿಯೂ ಇರುವುದಿಲ್ಲ.

ಕಲಬುರಗಿಯ ಸಂಗ್ರಾಹಕರ ಮುಂದಿರುವ ಕೆಲಸ

ಬೆಲೆಯ ಆಸೆಯಿಂದ ಮಾತ್ರ ನೋಡಿದಾಗ ಒಂದು ನೋಟು ಮನೆಯಿಂದ ಹೊರಟು ದೂರದ ಹರಾಜಿಗೆ ಸೇರಿ, ಅದರ ಹಿಂದಿನ ಕಥೆಯನ್ನೆಲ್ಲ ಕಳೆದುಕೊಳ್ಳುತ್ತದೆ. ಕಮಲಾಪುರದ ಒಂದು ಮನೆಯ ಪೆಟ್ಟಿಗೆಯಲ್ಲಿ ಫಸಲಿ ವರ್ಷದ ರಸೀದಿಗಳ ನಡುವೆ ಹಾಲಿ ಸಿಕ್ಕಾದ ಹತ್ತು ರೂಪಾಯಿಯ ನೋಟು ಸಿಕ್ಕರೆ, ಅದರ ರುಜು ಯಾರದು, ವರ್ಷ ಯಾವುದು, ಸಂಖ್ಯೆ ಏನು, ಯಾವ ಊರಿನ ಯಾವ ಬಗೆಯ ಕಾಗದಗಳ ಜತೆ ಅದು ಇತ್ತು, ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ನೋಟನ್ನು ಉಳಿಸುವಷ್ಟೇ ಮುಖ್ಯ. ಹಾಲಿಯನ್ನು ಕಲ್ದಾರಕ್ಕೆ ಬದಲಿಸಿ ಲೆಕ್ಕ ಮಾಡಿದವರ ತಲೆಮಾರು ವೇಗವಾಗಿ ಮರೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ. ಶಾಲೆ ಕಾಲೇಜುಗಳ ಇತಿಹಾಸ ವ್ಯಾಸಂಗದಲ್ಲಿ ಸೆಪ್ಟೆಂಬರ್ 17ರ ಚರಿತ್ರೆಯನ್ನು ಕಲಿಸುವಾಗ ಲಿಯಾಖತ್ ಜಂಗ್ ಅವರ ರುಜುವಿನ ನೋಟನ್ನೂ ಮೇಲ್ಕೋಟೆ ಅವರ ರುಜುವಿನ ನೋಟನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ, ಆಳ್ವಿಕೆ ಬದಲಾಯಿತೆಂಬ ಪಾಠ ವಿದ್ಯಾರ್ಥಿಗಳಿಗೆ ಪುಟಗಟ್ಟಲೆ ವಿವರಣೆಗಿಂತ ಬೇಗ ಮನವರಿಕೆಯಾಗುತ್ತದೆ. ಸಂಸ್ಥಾನದ ಕಡತಗಳಲ್ಲಿ ಹೆಚ್ಚಿನವು ಹೈದರಾಬಾದಿನಲ್ಲಿಯೇ ಉಳಿದಿರುವಾಗ, ಈ ಸೀಮೆಯ ಮನೆಗಳಲ್ಲಿ ಉಳಿದ ನೋಟುಗಳು ಇಲ್ಲಿನ ಜನರ ಸ್ವಂತ ದಾಖಲೆಗಳು. ಅವನ್ನು ಗುರುತಿಸಿ, ಬರೆದಿಟ್ಟು, ಮುಂದಿನವರಿಗೆ ಒಪ್ಪಿಸುವ ಹೊಣೆ ಕಲಬುರಗಿ ಮತ್ತು ಕಮಲಾಪುರದ ಜನರದೇ ಆಗಿದೆ.